ವರ್ಷಕ್ಕೊಂದು ಟೂರ್ ಹೋಗೋರಿಗೆ ಯಾವ ಕಾರ್ಡ್ ಸರಿ?

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಟ್ರಾವೆಲ್ ಕ್ರೆಡಿಟ್ ಕಾರ್ಡ್ ಬಗ್ಗೇನೇ ಇವೆ. ಅದೂ ವಾರಕ್ಕೊಂದ್ಸಲ ವಿಮಾನ ಹತ್ತೋರು ಬರೆದಿದ್ದಲ್ಲ, ವರ್ಷಕ್ಕೆ ಒಂದ್ಸಲ, ಹೆಚ್ಚಂದ್ರೆ ಎರಡು ಸಲ ಹೊರಗಡೆ ಹೋಗೋ ಮನೆಗಳವ್ರು ಬರೆದಿದ್ದು. ಇಂಥೋರಿಗೆ ಅಂತ ಯಾರೂ ಕೂತು ಲೆಕ್ಕ ಹಾಕಿ ಹೇಳಲ್ಲ, ಕಾರ್ಡ್ ಮಾರೋರು ತೋರ್ಸೋದೆಲ್ಲಾ ಸದಾ ತಿರುಗಾಡೋರ ಲೆಕ್ಕ. ಅದಕ್ಕೇ ಈ ತಿಂಗಳ ಪೂರ್ತಿ ಅಂಕಣ ಇದಕ್ಕೇ ಇಟ್ಟಿದೀನಿ.

ಪ್ರಶ್ನೆ: ಮೇಡಂ, ನಾನು ನಮ್ಮೆಜಮಾನ್ರು ಇಬ್ರೂ ಹೈಸ್ಕೂಲ್ ಟೀಚರ್ಸ್. ಬೇಸಿಗೆ ರಜೇಲೋ ದಸರಾ ರಜೇಲೋ ವರ್ಷಕ್ಕೊಂದ್ಸಲ ಎಲ್ಲಾದ್ರೂ ದೂರ ಹೋಗ್ತೀವಿ, ಮಿಕ್ಕಿದ್ದು ಧರ್ಮಸ್ಥಳ ಸುಬ್ರಹ್ಮಣ್ಯ ಅಷ್ಟೇ. ಸಂಬಳ ಬರೋ ಬ್ಯಾಂಕಿನವ್ರು ಟ್ರಾವೆಲ್ ಕಾರ್ಡ್ ತಗೊಳ್ಳಿ ಅಂತ ಫೋನ್ ಮೇಲೆ ಫೋನ್ ಮಾಡ್ತಿದಾರೆ. ವರ್ಷಕ್ಕೆ 2,500 ಫೀಸು, ಏರ್ಪೋರ್ಟಲ್ಲಿ ಕಾಯೋ ಲಾಂಜ್ ಫ್ರೀ, 150 ರೂಪಾಯಿ ಖರ್ಚಿಗೆ 4 ಪಾಯಿಂಟು ಅಂತೆ. ತಿಂಗ್ಳಿಗೆ ಎಲ್ಲಾ ಸೇರಿ 25 ಸಾವಿರ ಕಾರ್ಡಲ್ಲಿ ಹೋಗ್ಬಹುದು. ತಗೊಳ್ಳೋದಾ ಬೇಡ್ವಾ?
– ಓದುಗರು, ಹಾಸನ

ಉತ್ತರ: ಒಂದು ಪೇಪರ್ ತಗೊಂಡು ನನ್ನ ಜೊತೆ ಲೆಕ್ಕ ಹಾಕಿ ಮೇಡಂ, ನೀವೇ ಟೀಚರ್ರು, ಹತ್ತು ನಿಮಿಷದ ಕೆಲಸ. ಮೊದಲು ಫೀಸು. 2,500 ಅಂದ್ರೆ 2,500 ಅಲ್ಲ, ಅದರ ಮೇಲೆ 18% ಜಿಎಸ್‌ಟಿ ಸೇರಿ 2,950 ಆಗುತ್ತೆ. ಆಮೇಲೆ ಖರ್ಚು. ತಿಂಗ್ಳಿಗೆ 25 ಸಾವಿರ ಅಂದ್ರೆ ವರ್ಷಕ್ಕೆ 3 ಲಕ್ಷ ಸರಿ, ಆದ್ರೆ ಆ 3 ಲಕ್ಷಕ್ಕೂ ಪಾಯಿಂಟ್ ಬರುತ್ತೆ ಅಂತ ತಿಳ್ಕೋಬೇಡಿ. ಪೆಟ್ರೋಲು, ಮನೆ ಬಾಡಿಗೆ, ವ್ಯಾಲೆಟ್‌ಗೆ ದುಡ್ಡು ಹಾಕೋದು, ಸರ್ಕಾರಕ್ಕೆ ಕಟ್ಟೋ ತೆರಿಗೆ, ಇವಕ್ಕೆ ಸುಮಾರು ಕಾರ್ಡುಗಳಲ್ಲಿ ಪಾಯಿಂಟ್ ಇಲ್ಲ, ಇನ್ಶೂರೆನ್ಸು ಕರೆಂಟ್ ಬಿಲ್ಲಿಗೂ ಕೆಲವ್ರು ಕೊಡಲ್ಲ, ಕೊಟ್ರೂ ತಿಂಗ್ಳಿಗಿಷ್ಟೇ ಅಂತ ಮಿತಿ ಇರುತ್ತೆ. ಹಾಗಾಗಿ 2 ಲಕ್ಷಕ್ಕೆ ಪಾಯಿಂಟ್ ಬಂತು ಅಂತಿಟ್ಕೊಳ್ಳೋಣ. 150ಕ್ಕೆ 4ರಂತೆ 5,333 ಪಾಯಿಂಟು.

ಈಗ ಆ ಪಾಯಿಂಟಿಗೆ ಬೆಲೆ ಎಷ್ಟು ಅನ್ನೋದೇ ಮುಖ್ಯ, ಫೋನ್ ಮಾಡೋರು ಇದೊಂದನ್ನ ಮಾತ್ರ ಬಾಯಿಬಿಟ್ಟು ಹೇಳಲ್ಲ. ಒಂದೇ ಕಾರ್ಡಲ್ಲಿ ವಿಮಾನ ಟಿಕೆಟ್ಟಿಗೆ ಹಾಕಿದ್ರೆ ಪಾಯಿಂಟಿಗೆ 50 ಪೈಸೆ, ಬಿಲ್ಲಲ್ಲೇ ಕಮ್ಮಿ ಮಾಡಿ ಅಂದ್ರೆ 20 ಪೈಸೆ, ಈ ಥರ ಇರೋದು ಮಾಮೂಲು. 50 ಪೈಸೆ ಲೆಕ್ಕದಲ್ಲಿ ನಿಮಗೆ ಸಿಗೋದು 2,666 ರೂಪಾಯಿ, 20 ಪೈಸೆ ಲೆಕ್ಕದಲ್ಲಿ 1,066. ನೀವು ಕಟ್ಟಿರೋದು 2,950. ಎರಡರಲ್ಲೂ ಕೈಯಿಂದ ಹೋಯ್ತು. ಅದೇ ಫೀಸೇ ಇಲ್ಲದ, ಎಲ್ಲಾದಕ್ಕೂ 1% ವಾಪಸ್ ಕೊಡೋ ಸಾದಾ ಕಾರ್ಡಾದ್ರೆ ಅದೇ 2 ಲಕ್ಷಕ್ಕೆ 2,000 ರೂಪಾಯಿ ನಿಮ್ಮ ಜೇಬಲ್ಲಿ, ಅದನ್ನ ಟಿಕೆಟ್ಟಿಗಾದ್ರೂ ಹಾಕಿ ಮಕ್ಕಳ ಬಟ್ಟೆಗಾದ್ರೂ ಹಾಕಿ.

ವರ್ಷಕ್ಕೆ ಮೂರೋ ನಾಲ್ಕೋ ಲಕ್ಷ ಖರ್ಚು ಮಾಡಿದ್ರೆ ಫೀಸ್ ಮನ್ನಾ ಅಂತಾನೂ ಹೇಳ್ತಾರೆ. ನಿಮ್ಮ ಮಾಮೂಲಿ ಖರ್ಚೇ ಅಷ್ಟಾಗ್ತಿದ್ರೆ ಒಳ್ಳೇದು, ಆದ್ರೆ ಮಾರ್ಚ್ ತಿಂಗ್ಳಲ್ಲಿ ಇನ್ನೂ 40 ಸಾವಿರ ಕಮ್ಮಿ ಬಿತ್ತು ಅಂತ ಹೊಸ ಟಿವಿ ತಗೊಳ್ಳೋದಿದ್ಯಲ್ಲ, 2,950 ಉಳಿಸೋಕೆ 40 ಸಾವಿರ ಕಳೆದ ಹಾಗೆ, ಅದನ್ನ ದಯವಿಟ್ಟು ಮಾಡ್ಬೇಡಿ.

ಲಾಂಜ್ ವಿಷಯ. ಬೆಂಗಳೂರು ಏರ್ಪೋರ್ಟಿನ ಎರಡೂ ಟರ್ಮಿನಲ್‌ಗಳಲ್ಲಿ 080 ಅನ್ನೋ ಹೆಸರಿನ ಲಾಂಜ್ ಇದೆ, ಚೆನ್ನಾಗೇ ಇದೆ, ಕಾರ್ಡ್ ಉಜ್ಜಿದ್ರೆ ಎರಡು ರೂಪಾಯಿಯೋ ಏನೋ ಕಟ್ ಆಗಿ ಒಳಗೆ ಹೋಗಿ ಊಟ ಮಾಡಿ ಕೂತ್ಕೋಬಹುದು, ಖುಷಿ ಆಗುತ್ತೆ ನಿಜ. ಆದ್ರೆ ಈಚೆಗೆ ಬಹಳಷ್ಟು ಬ್ಯಾಂಕುಗಳು ಒಂದು ಷರತ್ತು ಹಾಕಿವೆ, ಹಿಂದಿನ ಮೂರು ತಿಂಗ್ಳಲ್ಲಿ ಇಷ್ಟು ಸಾವಿರ ಖರ್ಚು ಮಾಡಿದ್ರೆ ಮಾತ್ರ ಮುಂದಿನ ಮೂರು ತಿಂಗಳು ಲಾಂಜ್ ಅಂತ. ನೀವು ಏಪ್ರಿಲ್‌ನಲ್ಲಿ ಹೊರಡೋರು ಜನವರಿ ಫೆಬ್ರವರಿಯಿಂದಾನೇ ಇದನ್ನ ನೆನಪಿಟ್ಕೋಬೇಕು. ಯಜಮಾನ್ರ ಹೆಸರಲ್ಲಿ ಆಡ್-ಆನ್, ಅಂದ್ರೆ ನಿಮ್ಮದೇ ಖಾತೆಗೆ ಸೇರಿದ ಎರಡನೇ ಕಾರ್ಡ್ ಮಾಡಿಸಿದ್ರೆ ಅವ್ರಿಗೂ ಲಾಂಜ್ ಸಿಗುತ್ತಾ, ಮಕ್ಕಳಿಗೆ ಬೇರೆ ದುಡ್ಡು ಕೊಡ್ಬೇಕಾ, ಇದನ್ನೆಲ್ಲಾ ಲಿಖಿತವಾಗಿ ಕೇಳಿ. ಲಾಂಜ್ ಬೆಲೆ ಸಾವಿರ, ಒಂದೂವರೆ ಸಾವಿರ ಅಂತ ಅವ್ರು ಹೇಳೋ ಲೆಕ್ಕ ಇಟ್ಕೋಬೇಡಿ, ಲಾಂಜ್ ಇಲ್ಲದಿದ್ರೆ ನೀವು ಏರ್ಪೋರ್ಟಲ್ಲಿ ತಿಂಡಿ ಕಾಫಿಗೆ ನಿಜವಾಗಿ ಎಷ್ಟು ಕೊಡ್ತಿದ್ರಿ ಅಷ್ಟನ್ನೇ ಲಾಭ ಅಂತ ಬರ್ಕೊಳ್ಳಿ. ವರ್ಷಕ್ಕೊಂದು ಟೂರು, ಹೋಗ್ತಾ ಒಂದ್ಸಲ ಬರ್ತಾ ಒಂದ್ಸಲ, ಅದಕ್ಕೋಸ್ಕರ ಫೀಸ್ ಕಟ್ಟೋದು ನನಗಂತೂ ಸರಿ ಅನ್ಸಲ್ಲ. ಬೇಡ ಅಂತ ಹೇಳ್ಬಿಡಿ.

ಪ್ರಶ್ನೆ: ನಾನು ಮಂಗಳೂರಲ್ಲಿ ಸ್ಟಾಫ್ ನರ್ಸ್. ತಮ್ಮ ಜರ್ಮನಿಯಲ್ಲಿ ಇದ್ದಾನೆ, ಅಮ್ಮನ್ನ ಕರ್ಕೊಂಡು ಮೊದಲ ಸಲ ಹೋಗ್ಲಿಕ್ಕೆ ಉಂಟು. ಪಾಯಿಂಟ್ ಜಾಸ್ತಿ ಕೊಡುವ ಕಾರ್ಡ್ ತಗೊಳ್ಳುವುದಾ, ಅಥವಾ ಯುರೋ ಕ್ಯಾಶ್ ಮಾಡಿಕೊಂಡು ಹೋದ್ರೆ ಸಾಕಾ?
– ಓದುಗರು, ಮಂಗಳೂರು

ಉತ್ತರ: ವಿದೇಶಕ್ಕೆ ಹೋಗೋರು ಪಾಯಿಂಟನ್ನ ಆಮೇಲೆ ನೋಡಿ, ಮೊದಲು ಫಾರೆಕ್ಸ್ ಮಾರ್ಕಪ್, ಅಂದ್ರೆ ವಿದೇಶಿ ಹಣದಲ್ಲಿ ಕೊಟ್ಟಾಗ ಬ್ಯಾಂಕು ಹಾಕೋ ಶುಲ್ಕ, ಎಷ್ಟು ಅಂತ ನೋಡಿ. ಸಾಮಾನ್ಯ ಕಾರ್ಡುಗಳಲ್ಲಿ ಅದು 3.5%, ಅದರ ಮೇಲೆ ಜಿಎಸ್‌ಟಿ ಸೇರಿ 4.13%. ಅಂದ್ರೆ ಅಲ್ಲಿ ಒಂದು ಲಕ್ಷ ರೂಪಾಯಿಯಷ್ಟು ಖರ್ಚಾದ್ರೆ 4,130 ಸುಮ್ನೆ ಬ್ಯಾಂಕಿಗೆ. ನಿಮಗೆ ಬರೋ ಪಾಯಿಂಟ್ ಬೆಲೆ ಒಂದು ಒಂದೂವರೆ ಪರ್ಸೆಂಟು, ಅದು ಇದನ್ನ ತುಂಬಲ್ಲ. ಮಾರ್ಕಪ್ ಸೊನ್ನೆ ಇರೋ ಕಾರ್ಡುಗಳು ಈಗ ನಮ್ಮಲ್ಲೇ ಇವೆ, ಫೆಡರಲ್ ಬ್ಯಾಂಕಿನ ಸ್ಕೇಪಿಯಾ, ಎಫ್‌ಡಿ ಇಟ್ಟು ತಗೊಳ್ಳೋ ಐಡಿಎಫ್‌ಸಿ ಫಸ್ಟ್ ವಾವ್, ವರ್ಷದ ಫೀಸಿರೋ ಆರ್‌ಬಿಎಲ್ ವರ್ಲ್ಡ್ ಸಫಾರಿ, ಹೀಗೆ. ನೀವು ಒಂದ್ಸಲ ಹೋಗ್ತಿರೋರು, ವರ್ಷದ ಫೀಸಿಲ್ಲದ್ದನ್ನೇ ನೋಡಿ. ಅರ್ಜಿ ಹಾಕೋ ದಿನದ ಷರತ್ತು ಓದಿ ಹಾಕಿ, ಕಾರ್ಡಿನ ನಿಯಮ ಬದಲಾಗ್ತಾನೇ ಇರುತ್ತೆ.

ಕಾರ್ಡ್ ಬಂದ ತಕ್ಷಣ ಆಪಲ್ಲಿ ಅಂತರರಾಷ್ಟ್ರೀಯ ವ್ಯವಹಾರ ಆನ್ ಮಾಡಿ. 2020ರಿಂದ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಹೊಸ ಕಾರ್ಡಲ್ಲಿ ಅದು ಆಫ್ ಆಗೇ ಬರುತ್ತೆ, ಫ್ರಾಂಕ್‌ಫರ್ಟಲ್ಲಿ ಇಳಿದು ಟ್ರೈನ್ ಟಿಕೆಟ್ ಮೆಷಿನ್ ಮುಂದೆ ನಿಂತು ಕಾರ್ಡ್ ನಡೀತಿಲ್ಲ ಅಂತ ಗಾಬರಿ ಆಗೋರು ಎಷ್ಟೋ ಜನ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇರ್ಲಿ, ಬರೀ ರುಪೇ ನಂಬ್ಕೊಂಡು ಯುರೋಪಿಗೆ ಹೋಗ್ಬೇಡಿ.

ಅಲ್ಲಿ ಅಂಗಡಿ ಮೆಷಿನ್ ಒಂದು ಪ್ರಶ್ನೆ ಕೇಳುತ್ತೆ, ಯುರೋದಲ್ಲಿ ಕೊಡ್ತೀರಾ ರೂಪಾಯಲ್ಲಿ ಕೊಡ್ತೀರಾ ಅಂತ. ನಮ್ಮ ರೂಪಾಯಿ ಕಂಡಾಗ ಅದನ್ನೇ ಒತ್ತೋಣ ಅನ್ಸುತ್ತೆ, ಬೇಡ. ಯಾವಾಗಲೂ ಯುರೋ ಒತ್ತಿ. ರೂಪಾಯಿ ಒತ್ತಿದ್ರೆ ಆ ಮೆಷಿನ್ನಿನವ್ರು ತಮ್ಮ ರೇಟಲ್ಲಿ ಬದಲಾಯಿಸ್ತಾರೆ, ಅದು ದುಬಾರಿ, ಜೊತೆಗೆ ಇಲ್ಲಿ ನಮ್ಮ ಬ್ಯಾಂಕುಗಳೂ ಕೆಲವು ಬೇರೆ ಚಾರ್ಜ್ ಹಾಕ್ತವೆ. ಇನ್ನೊಂದು, ಇಲ್ಲೇ ಮನೇಲಿ ಕೂತು ವಿದೇಶಿ ವೆಬ್‌ಸೈಟಲ್ಲಿ ಹೋಟೆಲ್ ಬುಕ್ ಮಾಡಿದ್ರೂ, ಬೆಲೆ ರೂಪಾಯಲ್ಲೇ ತೋರ್ಸಿದ್ರೂ, ಆ ಕಂಪ್ನಿ ಹೊರದೇಶದ್ದಾಗಿದ್ರೆ ಅದಕ್ಕೂ ಚಾರ್ಜ್ ಬೀಳಬಹುದು.

ಕ್ಯಾಶ್ ಸ್ವಲ್ಪ ಬೇಕೇ ಬೇಕು, ಜರ್ಮನಿಯಲ್ಲಿ ಈಗಲೂ ಸಣ್ಣ ಅಂಗಡಿ ಬೇಕರಿಗಳಲ್ಲಿ ನೋಟೇ ಕೇಳ್ತಾರೆ. ಅದನ್ನ ಇಲ್ಲಿಂದಾನೇ ಮಾಡಿಸ್ಕೊಂಡು ಹೋಗಿ ಅಥವಾ ಡೆಬಿಟ್ ಕಾರ್ಡಲ್ಲೋ ಮೊದಲೇ ವಿದೇಶಿ ಹಣ ತುಂಬಿಸ್ಕೊಳ್ಳೋ ಪ್ರೀಪೇಯ್ಡ್ ಫಾರೆಕ್ಸ್ ಕಾರ್ಡಲ್ಲೋ ತೆಗೀರಿ, ಕ್ರೆಡಿಟ್ ಕಾರ್ಡಲ್ಲಿ ಮಾತ್ರ ಎಟಿಎಂಗೆ ಹೋಗ್ಬೇಡಿ. ಕ್ರೆಡಿಟ್ ಕಾರ್ಡಲ್ಲಿ ತೆಗೆದ ನಗದಿಗೆ ಬಡ್ಡಿ ಇಲ್ಲದ ದಿನ ಅನ್ನೋದೇ ಇಲ್ಲ, ಅವತ್ತಿಂದಲೇ ಓಡುತ್ತೆ, ಮೇಲೆ ಸುಮಾರು 2.5% ಶುಲ್ಕ ಬೇರೆ.

ಕಾರ್ಡ್ ಜೊತೆ ಇನ್ಶೂರೆನ್ಸ್ ಫ್ರೀ ಅಂತ ಹೇಳ್ತಾರೆ, ಅದನ್ನ ನಂಬಿ ಅಮ್ಮನಿಗೆ ಬೇರೆ ಇನ್ಶೂರೆನ್ಸ್ ಮಾಡಿಸದೇ ಇರ್ಬೇಡಿ. ಕಾರ್ಡಿನದ್ದು ಹೆಚ್ಚಾಗಿ ವಿಮಾನ ಅಪಘಾತಕ್ಕೆ, ಅದೂ ಟಿಕೆಟ್ ಅದೇ ಕಾರ್ಡಲ್ಲಿ ತಗೊಂಡಿದ್ರೆ ಮಾತ್ರ. ಜರ್ಮನಿಗೆ ಬೇಕಾದ ಷೆಂಗೆನ್ ವೀಸಾಗೆ ಕಮ್ಮಿ ಅಂದ್ರೂ 30,000 ಯುರೋ ವೈದ್ಯಕೀಯ ಕವರ್ ಇರೋ ಪಾಲಿಸಿ ಕಡ್ಡಾಯ. ನೀವು ಆಸ್ಪತ್ರೇಲಿ ಕೆಲಸ ಮಾಡೋರು, ವಯಸ್ಸಾದೋರ ವಿಷಯ ನಿಮಗೆ ನಾನು ಹೇಳ್ಬೇಕಾಗಿಲ್ಲ. ಅಮ್ಮನಿಗೆ ಬಿಪಿ ಶುಗರ್ ಇದ್ರೆ ಪಾಲಿಸಿ ಅರ್ಜೀಲಿ ಮುಚ್ಚಿಡದೆ ಬರೀರಿ.

ಪ್ರಶ್ನೆ: ಅಕ್ಕಾ, ನಾವು ವಿಮಾನ ಹತ್ತೋರೇ ಅಲ್ಲ. ಟ್ರೈನು, ಇಲ್ಲಾಂದ್ರೆ ಕೆಎಸ್ಸಾರ್ಟಿಸಿ. ನಮಗೆ ಯಾವ್ದಾದ್ರೂ ಕಾರ್ಡ್ ಇದೆಯಾ?
– ಓದುಗರು, ದಾವಣಗೆರೆ

ಉತ್ತರ: ಇದೆ. ಐಆರ್‌ಸಿಟಿಸಿ ಹೆಸರಲ್ಲಿ ಎಸ್‌ಬಿಐ ಸೇರಿ ಕೆಲವು ಬ್ಯಾಂಕುಗಳು ಕೊಡೋ ಕಾರ್ಡುಗಳಿವೆ, ಫೀಸ್ ವರ್ಷಕ್ಕೆ 500ರ ಆಸುಪಾಸು, ಎಸಿ ಟಿಕೆಟ್ಟಿಗೆ ಪಾಯಿಂಟು ಚೆನ್ನಾಗಿ ಕೊಡ್ತಾರೆ. ಆದ್ರೆ ನೀವು ಸ್ಲೀಪರಲ್ಲಿ ಹೋಗೋರಾದ್ರೆ ಅಷ್ಟೇನೂ ಲಾಭ ಇಲ್ಲ, ಮನೆಮಂದಿಯೆಲ್ಲಾ ವರ್ಷಕ್ಕೆ ಎರಡ್ಮೂರು ಸಲ ತ್ರೀ ಟಯರ್ ಎಸಿ ಮಾಡ್ಸೋರಿಗೆ ಕಟ್ಟಿದ ಫೀಸು ಹುಟ್ಟುತ್ತೆ. ಬಸ್ಸಿಗೆ ಕಾರ್ಡ್ ಹುಡುಕೋದೇ ಬೇಡ, ಕೆಎಸ್ಸಾರ್ಟಿಸಿಯವ್ರೇ ಹೋಗೋದು ಬರೋದು ಒಟ್ಟಿಗೆ ಬುಕ್ ಮಾಡಿದ್ರೆ ವಾಪಸ್ ಟಿಕೆಟ್ ಮೇಲೆ 10%, ನಾಲ್ಕು ಜನ ಅಥವಾ ಜಾಸ್ತಿ ಒಂದೇ ಟಿಕೆಟಲ್ಲಿ ಹೋದ್ರೆ 5% ಬಿಡ್ತಾ ಬಂದಿದ್ದಾರೆ. ಯಾವ ಕಾರ್ಡೂ ಬಸ್ ಟಿಕೆಟ್ಟಿಗೆ ಇಷ್ಟು ಕೊಡೋದು ಕಷ್ಟ.

ಪ್ರಶ್ನೆ: ಮೇಡಂ ನಮಸ್ಕಾರ್ರಿ. ಹುಬ್ಬಳ್ಳ್ಯಾಗ ನಂದು ಹಾರ್ಡ್‌ವೇರ್ ಅಂಗಡಿ ಐತ್ರಿ. ಮಾಲು ತರಾಕ ಅಂತ ವರ್ಷದಾಗ ಎರಡ್ಮೂರು ಸಲ ಮುಂಬೈ, ದಿಲ್ಲಿ ಅಂತ ಫ್ಲೈಟ್ ಹತ್ತತೀನಿ. ನಮ್ಮ ಗೆಳ್ಯಾ ಒಬ್ಬಾಂವ ಏರ್‌ಲೈನ್ ಹೆಸರಿನ ಕಾರ್ಡ್ ತಗೋ, ಮೈಲ್ಸ್ (ಏರ್‌ಲೈನಿನ ಪಾಯಿಂಟ್) ಕೂಡಿಸಿಟ್ರ ಮುಂದ ಸಿಂಗಾಪುರಕ್ಕ ಫುಕಟ್ ಹೋಗಬಹುದು ಅಂತಾನ್ರಿ. ಖರೇನ?
– ಓದುಗರು, ಹುಬ್ಬಳ್ಳಿ

ಉತ್ತರ: ಹೋದೋರು ಇದಾರೆ ಸರ್, ಸುಳ್ಳಲ್ಲ. ಆದ್ರೆ ಅವ್ರು ವರ್ಷಕ್ಕೆ ಎಂಟು ಹತ್ತು ಲಕ್ಷ ಕಾರ್ಡಲ್ಲೇ ತಿರುಗಿಸೋರು, ಯಾವ ಏರ್‌ಲೈನಿಗೆ ಯಾವಾಗ ಪಾಯಿಂಟ್ ಕಳಿಸ್ಬೇಕು, ಸೀಟ್ ಯಾವ ತಿಂಗ್ಳು ಖಾಲಿ ಇರುತ್ತೆ ಅಂತ ಬೆನ್ನು ಹತ್ತಿ ನೋಡೋರು. ನೀವು ಅಂಗಡಿ ನೋಡ್ಕೋಬೇಕಾ ಇದನ್ನ ನೋಡ್ಕೋಬೇಕಾ?

ಒಂದೇ ಏರ್‌ಲೈನಿಗೆ ಕಟ್ಟಿಹಾಕ್ಕೊಳ್ಳೋದ್ರಲ್ಲಿ ಇನ್ನೊಂದು ಭಯ ಇದೆ. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸ್ತು, ಅದರ ಮೈಲ್ಸ್ ಇಟ್ಕೊಂಡು ಮುಂದಿನ ವರ್ಷ ಹೋಗೋಣ ಅಂದ್ಕೊಂಡಿದ್ದೋರಿಗೆ ಹತ್ತೋಕೆ ಆ ವಿಮಾನಾನೇ ಇಲ್ದಂಗಾಯ್ತು. ವಿಸ್ತಾರಾ 2024ರ ನವೆಂಬರ್ 12ಕ್ಕೆ ಏರ್ ಇಂಡಿಯಾದಲ್ಲಿ ಸೇರಿಹೋಯ್ತು, ಪಾಯಿಂಟುಗಳು ಏರ್ ಇಂಡಿಯಾ ಖಾತೆಗೆ ಬಂದ್ವು ನಿಜ, ಆದ್ರೆ ವಿಸ್ತಾರಾ ಹೆಸರಿನ ಕಾರ್ಡ್ ಇದ್ದೋರು ವರ್ಷಕ್ಕೊಂದು ಫ್ರೀ ಟಿಕೆಟ್ ಅಂತ ಯಾವ ಆಸೇಲಿ ಫೀಸ್ ಕಟ್ತಿದ್ರೋ ಆ ಸೌಲಭ್ಯ ಬರ್ತಾ ಬರ್ತಾ ನಿಂತುಹೋಯ್ತು. ಏರ್‌ಲೈನ್ ಮುಳುಗದೇ ಇದ್ರೂ ಪಾಯಿಂಟ್ ಬೆಲೆ ಇಳಿಸೋದು ಅವ್ರ ಕೈಯಲ್ಲೇ ಇರುತ್ತೆ, ಹೋದ ವರ್ಷ ಹತ್ತು ಸಾವಿರಕ್ಕೆ ಸಿಗ್ತಿದ್ದ ಸೀಟು ಈ ವರ್ಷ ಹದಿನೈದು ಸಾವಿರ ಪಾಯಿಂಟ್ ಅಂದ್ರೆ ಕೇಳೋರ್ಯಾರು. ಅದಕ್ಕೇ ನಿಮ್ಮಂಥೋರಿಗೆ ಮೂರು ನಾಲ್ಕು ವರ್ಷ ಕೂಡಿಡೋ ಲೆಕ್ಕವೇ ಬೇಡ, ಬಂದ ಪಾಯಿಂಟನ್ನ ಮುಂದಿನ ಮುಂಬೈ ಟಿಕೆಟ್ಟಿಗೆ ಹಾಕಿ ಮುಗಿಸ್ಬಿಡಿ. ಹುಬ್ಬಳ್ಳಿಯಿಂದ ಯಾವ ಊರಿಗೆ ಯಾವ ಕಂಪ್ನಿ ವಿಮಾನ ಹೋಗುತ್ತೋ ನಿಮಗೆ ಆಯ್ಕೆ ಅಷ್ಟೇ, ಬೇರೆ ಏರ್‌ಲೈನ್ ಕಾರ್ಡ್ ಇಟ್ಕೊಂಡು ಬೆಂಗಳೂರಿಗೆ ಬಂದು ಹತ್ತೋಕಾಗುತ್ತಾ?

ಇನ್ನೊಂದು ಮಾತು, ಅಂಗಡಿಯವ್ರು ಅಂದಿದ್ದಕ್ಕೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ವಸೂಲಿ ನಿಧಾನ ಆದ ತಿಂಗ್ಳಲ್ಲಿ ಕಾರ್ಡ್ ಬಿಲ್ಲಿಗೆ ಮಿನಿಮಮ್ ಡ್ಯೂ, ಅಂದ್ರೆ ಕಮ್ಮಿ ಅಂದ್ರೂ ಕಟ್ಟಲೇಬೇಕಾದ ಸಣ್ಣ ಮೊತ್ತ, ಅಷ್ಟನ್ನೇ ಕಟ್ಟಿ ಸುಮ್ಮನಾಗೋದು ವ್ಯಾಪಾರಸ್ಥರಲ್ಲಿ ಜಾಸ್ತಿ. ಇದು ಈ ಎಲ್ಲಾ ಪಾಯಿಂಟನ್ನೂ ಒಂದೇ ತಿಂಗ್ಳಲ್ಲಿ ನುಂಗಿಹಾಕುತ್ತೆ. 60 ಸಾವಿರ ಖರ್ಚಿಗೆ, ಮೇಲೆ ಹಾಸನದವ್ರಿಗೆ ಹೇಳಿದ ಲೆಕ್ಕದಲ್ಲೇ, 1,600 ಪಾಯಿಂಟು, 50 ಪೈಸೆಯಂತೆ 800 ರೂಪಾಯಿ. ಆ 60 ಸಾವಿರ ಬಾಕಿ ಉಳಿದ್ರೆ ತಿಂಗ್ಳಿಗೆ 3.75% ಬಡ್ಡಿ ಅಂದ್ರೆ 2,250, ಅದಕ್ಕೂ 18% ಜಿಎಸ್‌ಟಿ 405. ವರ್ಷದ ಲೆಕ್ಕದಲ್ಲಿ 45% ಬಡ್ಡಿ ಅದು. 30%ಗಿಂತ ಮೇಲೆ ತಗೋಬಾರ್ದು ಅಂತ 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು, 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಾನ ತೆಗೆದುಹಾಕ್ತು, ಹಾಗಾಗಿ ಆ ಆಸರೆನೂ ಈಗಿಲ್ಲ. ಬಾಕಿ ಇದ್ದಾಗ ಹೊಸದಾಗಿ ಉಜ್ಜಿದ್ದಕ್ಕೂ ಮೊದಲ ದಿನದಿಂದ ಬಡ್ಡಿ ಬೀಳುತ್ತೆ, ಇದು ಬಹಳ ಜನಕ್ಕೆ ಗೊತ್ತೇ ಇರಲ್ಲ. ಪೂರ್ತಿ ಬಿಲ್ ಪ್ರತಿ ತಿಂಗ್ಳು ಕಟ್ಟೋಕಾಗುತ್ತೆ ಅಂತ ಖಾತ್ರಿ ಇದ್ರೆ ಮಾತ್ರ ರಿವಾರ್ಡ್ ಕಾರ್ಡ್ ಸರ್, ಇಲ್ಲದಿದ್ರೆ ಯಾವ ಕಾರ್ಡೂ ಬೇಡ, ಖಂಡಿತ ಬೇಡ.

ಪ್ರಶ್ನೆ: ನಾನು ಗೃಹಿಣಿ, ಸಂಬಳದ ಚೀಟಿ ಇಲ್ಲ. ಮನೇಲೇ ಟ್ಯೂಷನ್ ಮಾಡಿ ಸ್ವಲ್ಪ ಉಳಿಸಿದೀನಿ. ಟಿಕೆಟ್, ಹೋಟೆಲ್ ಎಲ್ಲಾ ಬುಕ್ ಮಾಡೋದು ನಾನೇ. ನನ್ನ ಹೆಸರಲ್ಲಿ ಕಾರ್ಡ್ ಸಿಗುತ್ತಾ?
– ಓದುಗರು, ಮೈಸೂರು

ಉತ್ತರ: ಸಿಗುತ್ತೆ, ತಗೊಳ್ಳಿ ಕೂಡ. ಎಫ್‌ಡಿ ಇಟ್ರೆ ಅದರ ಆಧಾರದ ಮೇಲೆ ಬಹಳ ಬ್ಯಾಂಕುಗಳು ಕಾರ್ಡ್ ಕೊಡ್ತವೆ, ಎಫ್‌ಡಿಗೆ ಬಡ್ಡಿ ಅದರ ಪಾಡಿಗೆ ಬರ್ತಿರುತ್ತೆ. ಯಜಮಾನ್ರ ಕಾರ್ಡಿಗೆ ಆಡ್-ಆನ್ ತಗೊಳ್ಳೋದು ಸುಲಭ, ಆದ್ರೆ ಬಿಲ್ಲೂ ಅವ್ರ ಹೆಸರಲ್ಲೇ, ಜವಾಬ್ದಾರೀನೂ ಅವ್ರದ್ದೇ. ನಿಮ್ಮದೇ ಕಾರ್ಡಾದ್ರೆ ನಿಮ್ಮ ಹೆಸರಲ್ಲಿ ಸಿಬಿಲ್ ಸ್ಕೋರ್, ಅಂದ್ರೆ ಸಾಲ ಸರಿಯಾಗಿ ತೀರಿಸ್ತೀರಾ ಅಂತ ತೋರ್ಸೋ ಅಂಕ, ಬೆಳೆಯುತ್ತೆ, ನಾಳೆ ಸ್ವಂತ ಟ್ಯೂಷನ್ ಸೆಂಟರಿಗೆ ಸಾಲ ಕೇಳೋಕೆ ಹೋದಾಗ ಅದು ಬೇಕಾಗುತ್ತೆ. ಲಿಮಿಟ್ಟಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬಳಸ್ಬೇಡಿ, ಬಿಲ್ಲಿಗೆ ಆಟೋ ಡೆಬಿಟ್ ಹಾಕಿಡಿ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೀವಿ, ನಾಲ್ಕು ಜನ. ಎರಡು ವರ್ಷಕ್ಕೊಮ್ಮೆ ಬೆಂಗಳೂರಿಗೆ ಬರ್ತೀವಿ, ಬೇರೆ ಪ್ರಯಾಣ ಕಡಿಮೆ. ಇಲ್ಲಿ ಎಲ್ಲರೂ ಟ್ರಾವೆಲ್ ಕಾರ್ಡ್ ಅಂತಾರೆ. ನಮ್ಮಂಥವರಿಗೆ ಉಪಯೋಗ ಇದೆಯಾ?
– ಓದುಗರು, ಎಡಿಸನ್

ಉತ್ತರ: ನಿಮ್ಮ ಲೆಕ್ಕ ಇಲ್ಲಿಯೋರ ಲೆಕ್ಕಕ್ಕಿಂತ ಬೇರೆ. ಅಮೆರಿಕದಲ್ಲಿ ದೊಡ್ಡ ಲಾಭ ದಿನಾ ಬರೋ ಪಾಯಿಂಟಲ್ಲಿಲ್ಲ, ಕಾರ್ಡ್ ತಗೊಂಡ ಹೊಸದರಲ್ಲಿ ಮೂರು ತಿಂಗ್ಳಲ್ಲಿ ಇಷ್ಟು ಸಾವಿರ ಡಾಲರ್ ಖರ್ಚು ಮಾಡಿದ್ರೆ ಕೊಡೋ ಬೋನಸ್‌ನಲ್ಲಿದೆ. ನೀವು ನಾಲ್ಕು ಟಿಕೆಟ್ ತಗೊಳ್ಳೋ ವರ್ಷ ಆ ಖರ್ಚು ಹೇಗೂ ಇರುತ್ತೆ, ಅದಕ್ಕೆ ಸ್ವಲ್ಪ ಮುಂಚೆ ಕಾರ್ಡ್ ಬರೋ ಹಾಗೆ ಅರ್ಜಿ ಹಾಕಿ. ಚೇಸ್ ಸಫೈರ್ ಪ್ರಿಫರ್ಡ್, ಕ್ಯಾಪಿಟಲ್ ಒನ್ ವೆಂಚರ್, ಎರಡಕ್ಕೂ ವರ್ಷಕ್ಕೆ 95 ಡಾಲರ್ ಫೀಸ್, ಎರಡರಲ್ಲೂ ವಿದೇಶಿ ವ್ಯವಹಾರಕ್ಕೆ ಚಾರ್ಜ್ ಇಲ್ಲ. ಬಾರದ ವರ್ಷಕ್ಕೆ 95 ಡಾಲರ್ ಯಾಕೆ ಅನ್ಸಿದ್ರೆ ಫೀಸಿಲ್ಲದ ಕ್ಯಾಪಿಟಲ್ ಒನ್ ವೆಂಚರ್‌ಒನ್, ಕ್ವಿಕ್‌ಸಿಲ್ವರ್ ಇವೆ. ಮೈಲ್ಸನ್ನ ಏರ್‌ಲೈನಿಗೆ ಕಳಿಸಿ ಸ್ಕೂಲ್ ರಜೆಯ ಜೂನ್ ಜುಲೈಲಿ ಒಟ್ಟಿಗೆ ನಾಲ್ಕು ಸೀಟ್ ಹುಡುಕೋದು ತಲೆನೋವು, ಟಿಕೆಟ್ ಮಾಮೂಲಾಗಿ ತಗೊಂಡು ಆಮೇಲೆ ಆ ಬಿಲ್ಲಿಗೆ ಮೈಲ್ಸ್ ವಜಾ ಹಾಕೋದು ಸುಲಭ.

ಊರಿಗೆ ಬಂದಾಗ ಅಂಗಡೀಲಿ ಡಾಲರಾ ರೂಪಾಯಾ ಅಂದ್ರೆ ರೂಪಾಯಿ ಅನ್ನಿ. ಎಳನೀರು ಆಟೋಗೆಲ್ಲಾ ಕಾರ್ಡ್ ನಡಿಯಲ್ಲ, ವಿದೇಶದಲ್ಲಿರೋರು ಇಲ್ಲಿ ಇಡೋ ಎನ್‌ಆರ್‌ಒ ಅಥವಾ ಎನ್‌ಆರ್‌ಇ ಅಕೌಂಟಿಗೆ ಅಮೆರಿಕದ ನಂಬರಲ್ಲೇ ಯುಪಿಐ ಜೋಡಿಸೋಕೆ 2023ರಿಂದ ಅವಕಾಶ ಇದೆ, ನಿಮ್ಮ ಬ್ಯಾಂಕ್ ಅದನ್ನ ಕೊಡ್ತಿದೆಯಾ ಕೇಳಿ ಹೊರಡೋ ಮುಂಚೆನೇ ಮಾಡ್ಕೊಂಡು ಬನ್ನಿ.

ಪ್ರಶ್ನೆ: ಆಸೆಗೆ ಬಿದ್ದು ಫೀಸ್ ಇರೋ ಕಾರ್ಡ್ ತಗೊಂಡೆ, ಕೋವಿಡ್ ಆದ್ಮೇಲೆ ಎಲ್ಲೂ ಹೋಗಿಲ್ಲ. ಕ್ಲೋಸ್ ಮಾಡಿ ಅಂತ ಫೋನ್ ಮಾಡಿದ್ರೆ ಬ್ಯಾಂಕಿನವ್ರು ಅದು ಇದು ಆಫರ್ ಹೇಳಿ ಮುಂದೂಡ್ತಿದಾರೆ, ಮಧ್ಯದಲ್ಲಿ ಈ ವರ್ಷದ ಫೀಸೂ ಬಿಲ್ಲಿಗೆ ಬಂತು. ಏನ್ಮಾಡ್ಲಿ?
– ಓದುಗರು, ಶಿವಮೊಗ್ಗ

ಉತ್ತರ: ಫೋನ್ ಬಿಡಿ, ಬರವಣಿಗೇಲಿ ಕೇಳಿ. ರಿಸರ್ವ್ ಬ್ಯಾಂಕ್ 2022ರಲ್ಲಿ ತಂದ ನಿಯಮದ ಪ್ರಕಾರ ನೀವು ಕ್ಲೋಸ್ ಮಾಡಿ ಅಂತ ಕೇಳಿದ ಮೇಲೆ, ಬಾಕಿ ಏನೂ ಇಲ್ಲದಿದ್ರೆ, 7 ಕೆಲಸದ ದಿನದೊಳಗೆ ಮುಚ್ಚಲೇಬೇಕು, ತಡ ಆದ್ರೆ ದಿನಕ್ಕೆ 500 ರೂಪಾಯಿಯಂತೆ ಅವ್ರೇ ನಿಮಗೆ ಕೊಡ್ಬೇಕು. ಬಾಕಿ ಇಲ್ಲದಿದ್ರೆ ಅನ್ನೋದು ಇಲ್ಲಿ ಮುಖ್ಯ, ಹಾಗಾಗಿ ಈಗ ಬಂದಿರೋ ಫೀಸಿನ ಬಗ್ಗೆ, ಇಂಥ ದಿನವೇ ಕ್ಲೋಸ್ ಮಾಡಿ ಅಂತ ಕೇಳಿದ್ದೆ, ಇದನ್ನ ತೆಗೀರಿ ಅಂತ ಅದೇ ಇಮೇಲಲ್ಲಿ ಬರೀರಿ, ಫೋನ್ ಮಾಡಿದ ದಿನ, ಕೊಟ್ಟ ದೂರು ನಂಬರ್ ಇದ್ರೆ ಹಾಕಿ. ಅದಕ್ಕೂ ಮುಂಚೆ ಉಳಿದಿರೋ ಪಾಯಿಂಟ್ ಬಳಸಿ ಮುಗಿಸಿ, ಕಾರ್ಡ್ ಮುಚ್ಚಿದ್ರೆ ಅವೂ ಹೋಗ್ತವೆ. ಆ ಕಾರ್ಡಿಂದ ಮೊಬೈಲ್ ಬಿಲ್ಲು, ಓಟಿಟಿ ಏನಾದ್ರೂ ತಾನಾಗೇ ಕಟ್ ಆಗೋ ಥರ ಇಟ್ಟಿದ್ರೆ ಬೇರೆ ಕಡೆಗೆ ಬದಲಾಯಿಸಿ, ಇಲ್ಲಾಂದ್ರೆ ಸಣ್ಣ ಬಾಕಿ ಎದ್ದು ಅದನ್ನೇ ನೆಪ ಮಾಡಿ ಮತ್ತೆ ಎಳೀತಾರೆ.

30 ದಿನದಲ್ಲಿ ಉತ್ತರ ಬರದಿದ್ರೆ ಅಥವಾ ಬಂದ ಉತ್ತರ ಸಮಾಧಾನ ಆಗದಿದ್ರೆ ಬ್ಯಾಂಕುಗಳ ಮೇಲಿನ ದೂರು ಕೇಳೋ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಆನ್‌ಲೈನಲ್ಲಿ ದೂರು ಕೊಡಬಹುದು, ಶುಲ್ಕ ಇಲ್ಲ, ವಕೀಲರೂ ಬೇಡ. ಹೇಗೆ ಕೊಡೋದು ಅಂತ 14448ಕ್ಕೆ ಫೋನ್ ಮಾಡಿದ್ರೆ ಹೇಳ್ತಾರೆ. ಕಾರ್ಡ್ ಮುಚ್ಚಿದೆ, ಬಾಕಿ ಇಲ್ಲ ಅಂತ ಬ್ಯಾಂಕಿಂದ ಬಂದ ಇಮೇಲ್ ಅಳಿಸದೆ ಇಟ್ಕೊಳ್ಳಿ, ಒಂದೆರಡು ತಿಂಗ್ಳು ಬಿಟ್ಟು ಸಿಬಿಲ್ ರಿಪೋರ್ಟ್ ತೆಗೆದು ಅದರಲ್ಲೂ ಕ್ಲೋಸ್ಡ್ ಅಂತ ಬಂದಿದೆಯಾ ನೋಡಿ, ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಫ್ರೀಯಾಗೇ ಸಿಗುತ್ತೆ.